ಹತ್ತಿ ಗೋದಾಮಿನ ಕೆಂಪು ಚುಕ್ಕೆ

ಹತ್ತಿ ಗೋದಾಮಿನ ಕ್ಯಾಮರಾ ರಿಪೇರಿಗೆ ಅವಳನ್ನು ಕರೆಸಿದ್ದು ಅಲ್ಲಿ ಮೇಸ್ತ್ರಿಯಾಗಿದ್ದ ಅವಳ ಅಕ್ಕನ ಗಂಡ. ಆಫೀಸಿನ ಪರದೆಯಲ್ಲಿ, ಕತ್ತಲೆ ಮೂಲೆಯ ಮೂಟೆಗಳ ನಡುವೆ, ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆಯೊಂದು ಕೂತಿತ್ತು.

"ಬೆಳಿಗ್ಗೆಯಿಂದ ಹೀಗೇ ಇದೆ ಕಣೇ. ವಯಸ್ಸಾಯ್ತಲ್ಲ, ನನ್ನ ಹಾಗೆ ಇದಕ್ಕೂ ಕಣ್ಣು ಕೈಕೊಟ್ಟಿದೆ," ಎಂದು ಭಾವ ನಕ್ಕರು.

ಕ್ಯಾಮರಾದೊಳಗಿನ ಸೆನ್ಸರ್ ಬಿಸಿಯಾದಾಗ ಒಂದೆರಡು ಪಿಕ್ಸೆಲ್ ಸುಮ್ಮಸುಮ್ಮನೆ ಹೊಳೆಯುವುದು ಅವಳು ದಿನಾ ಕಾಣುವ ಕಾಯಿಲೆ. ಕೂತಲ್ಲಿಂದಲೇ ಕಂಪ್ಯೂಟರಿನಲ್ಲಿ ಆ ಪಿಕ್ಸೆಲ್ ಮುಚ್ಚಿ, ಅಕ್ಕಪಕ್ಕದ ಬಣ್ಣ ತುಂಬಿದಳು. ಚುಕ್ಕೆ ಮಾಯವಾಯಿತು. ಭಾವ ಟೀ ತರಿಸಲು ಎದ್ದರು. ಅಷ್ಟರಲ್ಲಿ ಮುಚ್ಚಿದ ಜಾಗದ ಪಕ್ಕದಲ್ಲೇ ಇನ್ನೊಂದು ಹೊಳೆಯಿತು, ಅದರ ಮಗ್ಗುಲಲ್ಲಿ ಮತ್ತೊಂದು.

ಅವಳು ಬಾಗಿಲಲ್ಲೇ ಅವರನ್ನು ತಡೆದಳು. "ಭಾವ, ಒಳಗೆ ಹೋಗಿ ಲೆನ್ಸಿಗೆ ಕೈ ಅಡ್ಡ ಇಡಿ. ಕ್ಯಾಮರಾದ್ದೇ ದೋಷ ಆದ್ರೆ ಕತ್ತಲಲ್ಲೂ ಚುಕ್ಕೆ ಕಾಣತ್ತೆ."

ಭಾವ ಗೊಣಗುತ್ತಲೇ ಹೋಗಿ ಏಣಿ ಹತ್ತಿದರು. ಅವರ ಅಂಗೈ ಲೆನ್ಸನ್ನು ಮುಚ್ಚಿದ್ದೇ ತಡ, ಪರದೆ ಪೂರ್ತಿ ಕಪ್ಪಾಯಿತು. ಒಂದು ಚುಕ್ಕೆಯೂ ಉಳಿಯಲಿಲ್ಲ.

"ಹೋಯ್ತಾ?" ಎಂದರು ಫೋನಿನಲ್ಲಿ.

"ಹೋಯ್ತು ಭಾವ. ಅದು ಕ್ಯಾಮರಾದಲ್ಲಿಲ್ಲ, ಮೂಟೆಯಲ್ಲಿದೆ. ಬೆಂಕಿ! ಎಲ್ಲರನ್ನೂ ಹೊರಗೆ ಕರ್ಕೊಂಡು ಬನ್ನಿ!"

ಅಗ್ನಿಶಾಮಕದವರಿಗೆ ಫೋನು ಮಾಡುತ್ತಲೇ ಅವಳು ಅಂಗಳಕ್ಕೆ ಓಡಿದಳು. ಹಮಾಲರೆಲ್ಲ ಹೊರಬಂದಿದ್ದರು. ಭಾವ ಕೊನೆಯಲ್ಲಿ ಏದುಸಿರು ಬಿಡುತ್ತಾ ಬಂದರು. ಗೋದಾಮಿನ ಮೇಲೆ ಹೊಗೆಯ ಸುಳಿವೂ ಇರಲಿಲ್ಲ.

"ಸುಮ್ನೆ ಜೀವ ಬಾಯಿಗೆ ಬರ್ಸಿದೆಯಲ್ಲೇ..." ಎಂದು ಭಾವ ಶುರು ಮಾಡಿದರು.

ಮಾತು ಮುಗಿಯುವ ಮೊದಲೇ ಮೂಲೆಯ ತಗಡಿನ ಚಾವಣಿ ಚಟಚಟನೆ ಸದ್ದು ಮಾಡುತ್ತಾ ಉಬ್ಬತೊಡಗಿತು.