ದೊಡ್ಡವರನ್ನು ಕೇಳಿ

ಮನೆಯಲ್ಲಿ ಆ ಹುಡುಗಿಗೆ ವಕೀಲಮ್ಮ ಎಂದೇ ಹೆಸರು. ಹದಿಮೂರು ತುಂಬುವ ಮೊದಲೇ ವಾದಕ್ಕೆ ನಿಂತರೆ ಅಪ್ಪನ ಬಾಯಿ ಮುಚ್ಚಿಸಿಬಿಡುತ್ತಿದ್ದಳು. ಅಪ್ಪ ಡ್ರೈವಿಂಗ್ ಸ್ಕೂಲಿನ ಮೇಷ್ಟ್ರು. ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತು, ತನ್ನ ಕಾಲ ಬಳಿಯಿರುವ ಇನ್ನೊಂದು ಬ್ರೇಕಿನ ಮೇಲೆ ಪಾದವಿಟ್ಟುಕೊಂಡೇ ದಿನ ಕಳೆಯುವವನು. ಮನೆಗೆ ಬಂದ ಮೇಲೂ ಆ ಪಾದ ಸುಮ್ಮನಿರುವುದಿಲ್ಲ ಎಂದು ಅಮ್ಮ ತಮಾಷೆ ಮಾಡುತ್ತಿದ್ದಳು. ಈಚೆಗೆ ಅಮ್ಮನ ತಮಾಷೆಗಳು ಕಡಿಮೆಯಾಗಿದ್ದವು. ಕನ್ನಡಕದ ಅಂಗಡಿಯ ಕೆಲಸಕ್ಕೆ ರಜೆ ಹಾಕಿ ಮನೆಯಲ್ಲೇ ಇದ್ದಳು. ಯಾಕೆಂದು ಕೇಳಿದರೆ, “ಸ್ವಲ್ಪ ಸುಸ್ತು ಕಣೆ,” ಎಂದು ಮಾತು ತೇಲಿಸುತ್ತಿದ್ದಳು.

ಹಾಗಿರುವಾಗ ಒಂದು ಭಾನುವಾರ ಮಾವ ಬಂದ. ಅಮ್ಮನ ತಮ್ಮ, ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡವನು. ಹಜಾರದ ಮೂಲೆಯಲ್ಲಿದ್ದ ಕಂಪ್ಯೂಟರಿನ ಮುಂದೆ ಕೂತು ಏನೇನೋ ಒತ್ತತೊಡಗಿದ. ವಕೀಲಮ್ಮ ಅವನ ಬೆನ್ನ ಹಿಂದೆಯೇ ನಿಂತಳು. ತಂಗಿ ಪುಟ್ಟಿ ಕುರ್ಚಿಯ ಕೈ ಹಿಡಿದು ಜೋತಾಡುತ್ತಿದ್ದಳು.

“ಇನ್ಮೇಲೆ ನಿಮ್ಮಿಬ್ರಿಗೂ ಬೇರೆ ಖಾತೆ,” ಎಂದ ಮಾವ. “ಸಂಜೆ ಒಂದು ಗಂಟೆ ಹೊತ್ತು ಮಾತ್ರ. ಆಮೇಲೆ ತಾನೇ ಮುಚ್ಕೊಳ್ಳುತ್ತೆ. ಬೇಡದ್ದೆಲ್ಲ ಬಂದ್.”

“ಬೇಡದ್ದು ಅಂದ್ರೆ ಯಾವ್ದು?”

“ಬೇಡದ್ದು ಅಂದ್ರೆ ಬೇಡದ್ದೇ.”

“ಅದೇ ಮಾವ, ಯಾರಿಗೆ ಬೇಡದ್ದು?”

ಮಾವ ಕೈ ಚೆಲ್ಲಿದ. “ಭಾವ, ಈ ವಕೀಲಮ್ಮನ್ನ ನೀವೇ ಸಂಭಾಳಿಸಿ.”

“ಕಣ್ಣೂ ಹಾಳು, ಓದೂ ಹಾಳು. ಅದಕ್ಕೇ ಇದು,” ಎಂದ ಅಪ್ಪ. ಆಮೇಲೆ ಮಾವನ ಕಿವಿಗೆ ಬಾಗಿ ಏನನ್ನೋ ಪಿಸುಗುಟ್ಟಿದ. ಮಾವನ ಬೆರಳುಗಳು ಹಾಗೇ ನಿಂತವು. “ಅಕ್ಕಂಗೆ ಗೊತ್ತಾ ಇದು?” ಎಂದು ಮೆಲ್ಲಗೆ ಕೇಳಿದ. ಅಪ್ಪ ಕಿಟಕಿಯಾಚೆ ನೋಡಿದ. ಮಾವ ನಿಟ್ಟುಸಿರುಬಿಟ್ಟು ಮತ್ತೆ ಒತ್ತತೊಡಗಿದ.

ವಕೀಲಮ್ಮನ ಕಿವಿ ನಿಮಿರಿದ್ದು ಆಗ.

ಮರುದಿನ ಸಂಜೆ ಅವಳು ತನ್ನ ಹೊಸ ಖಾತೆ ತೆರೆದು ಪರೀಕ್ಷೆಗೆ ಕೂತಳು. ಪುಟ್ಟಿಗೆ ಪ್ರಿಯವಾದ, ದೆವ್ವಗಳ ತಲೆ ತರಿಯುವ ಆಟ ಸಲೀಸಾಗಿ ತೆರೆದುಕೊಂಡಿತು. ಹಾಡುಗಳು ಬಂದವು. ಸಕ್ಕರೆ ಕಾಯಿಲೆ ಎಂದು ಹುಡುಕಿದರೆ ಪುಟಗಟ್ಟಲೆ ಬಂತು. ಕಾಮಾಲೆಯೂ ಬಂತು. ಆಗ ಅವಳು, ಅಮ್ಮ ಬಚ್ಚಲ ಬಾಗಿಲು ಹಾಕಿಕೊಂಡು ಫೋನಿನಲ್ಲಿ ಆಡಿದ್ದ ಮಾತೊಂದನ್ನು ನೆನಪಿಸಿಕೊಂಡು, ಬಯಾಪ್ಸಿ ಎಂದು ಒತ್ತಿದಳು. ಪರದೆ ಬೂದು ಬಣ್ಣಕ್ಕೆ ತಿರುಗಿತು.

“ಈ ಪುಟ ನೋಡಲು ಅನುಮತಿ ಇಲ್ಲ. ದೊಡ್ಡವರನ್ನು ಕೇಳಿ.”

ಅದೇ ಫೋನಿನಲ್ಲಿ ಕೇಳಿಸಿದ್ದ ಇನ್ನೊಂದು ಮಾತು, ಎದೆಯ ಗಂಟು ಎಂದು ಹಾಕಿದಳು. ಅದೇ ಬೂದು. ಕ್ಯಾನ್ಸರ್ ಎಂದು ಹಾಕಿದಳು. ಮತ್ತೆ ಅದೇ. ಯಾರೂ ಏನೂ ಹೇಳಿರಲಿಲ್ಲ; ಆದರೂ ಎಲ್ಲವನ್ನೂ ಹೇಳಿದಂತೆಯೇ ಆಗಿತ್ತು.

ಶಾಲೆಯಲ್ಲಿ ಗೆಳತಿಯ ಮುಂದೆ ಬಾಯಿಬಿಟ್ಟಾಗ ಅವಳು, “ಅಯ್ಯೋ ಪೆದ್ದಿ, ಇಲ್ಲಿ ಲೈಬ್ರರಿಯಲ್ಲಿ ಕಂಪ್ಯೂಟರ್ ಇಲ್ವಾ? ಅಲ್ಲಿ ನೋಡು,” ಎಂದಳು.

“ಯಾಕೆ ನೋಡ್ಬೇಕು?” ಎಂದು ವಕೀಲಮ್ಮ ಸಿಡಿದಳು. “ನಮ್ಮಮ್ಮನ ವಿಷಯ ಕದ್ದು ಓದೋಕೆ ನಾನೇನು ಕಳ್ಳಿಯಾ? ನಮ್ಮನೇಲಿ ಇರೋರು ಬಾಯಿಬಿಟ್ಟು ಹೇಳ್ಲಿ.”

ಬೂದು ಪರದೆಯ ಕೆಳಗೆ ನೀಲಿ ಗುಂಡಿಯೊಂದಿತ್ತು: ಅನುಮತಿ ಕೇಳು. ಒತ್ತಿದರೆ ಅಪ್ಪನ ಫೋನಿಗೆ ಗಂಟೆ ಬಾರಿಸಿ ಸಂದೇಶ ಹೋಗುತ್ತದೆ ಎಂದು ಮಾವ ಹೆಮ್ಮೆಯಿಂದ ತೋರಿಸಿದ್ದ. ಮನೆಗೆ ಬಂದವಳೇ ಚೀಲ ಮೂಲೆಗೆಸೆದು, ಕ್ಯಾನ್ಸರ್ ಎಂದು ಹಾಕಿ, ಗುಂಡಿ ಒತ್ತಿದಳು. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ಅನುಮತಿ ಇಲ್ಲ. ಮತ್ತೆ ಒತ್ತಿದಳು. ಇಲ್ಲ. ಮತ್ತೆ. ಇಲ್ಲ. ಆಮೇಲೆ ಉತ್ತರ ಬರುವುದೂ ನಿಂತಿತು. ಅವಳು ಮಾತ್ರ ಒತ್ತುತ್ತಲೇ ಇದ್ದಳು. ಪುಟ್ಟಿ ಬಂದು, “ಅಕ್ಕಾ, ನಂಗೂ ಒತ್ತೋಕೆ ಕೊಡೇ,” ಎಂದಾಗ ಅವಳಿಗೂ ಒಂದೆರಡು ಸಲ ಬಿಟ್ಟುಕೊಟ್ಟಳು.

ಅಪ್ಪ ಎಂದಿಗಿಂತ ಬೇಗ ಮನೆಗೆ ಬಂದ. ಮುಖ ಕೆಂಡವಾಗಿತ್ತು.

“ತಲೆ ನೆಟ್ಟಗಿದೆಯೇನೇ ನಿಂಗೆ? ಫೋನು ಟಣ್ ಟಣ್ ಅಂತ ಒಂದೇ ಸಮ ಹೊಡ್ಕೊಂಡು, ಗಾಡಿ ಕಲೀತಿದ್ದ ಹೆಂಗಸು ಬೆದರಿ ನಡು ಸರ್ಕಲ್ಲಲ್ಲಿ ನಿಲ್ಲಿಸಿಬಿಟ್ಲು! ಹಿಂದಿನ ಲಾರಿಯವನು ನನ್ನ ಜನ್ಮ ಜಾಲಾಡಿದ!”

“ದೊಡ್ಡವರನ್ನ ಕೇಳಿ ಅಂತ ಬಂತು. ಕೇಳ್ದೆ.”

“ಬೇಡ ಅಂದ್ಮೇಲೆ ಬೇಡ.”

“ಯಾಕೆ ಬೇಡ ಅಂತ ಹೇಳಿ, ಬಿಟ್ಬಿಡ್ತೀನಿ.”

“ಎದುರು ಮಾತಾಡ್ಬೇಡ! ಖಾತೇನೇ ತೆಗೆಸಿಬಿಡ್ತೀನಿ ನೋಡು.”

“ತೆಗೆಸಿ. ಊಟಕ್ಕೆ ಕೂತಾಗ ಕೇಳ್ತೀನಿ. ಬೆಳಿಗ್ಗೆ ಶೂ ಹಾಕ್ಕೊಳ್ಳೋವಾಗ ಕೇಳ್ತೀನಿ. ನಿಮ್ಮ ಕಾರಿನ ಹಿಂದಿನ ಸೀಟಲ್ಲಿ ಕೂತು, ಕಲಿಯೋಕೆ ಬಂದೋರ ಮುಂದೇನೇ ಕೇಳ್ತೀನಿ.” ಅವಳು ನಿಂತಲ್ಲಿಂದ ಕದಲಲಿಲ್ಲ. “ನನ್ನ ಬಾಯಿಗೂ ಬೀಗ ಹಾಕ್ಸೋಕಾಗುತ್ತಾ ಮಾವನ ಕೈಲಿ?”

ಅಪ್ಪ ಕೈಯೆತ್ತಿದ. ಹೊಡೆಯುವುದಕ್ಕೋ, ತಲೆ ಚಚ್ಚಿಕೊಳ್ಳುವುದಕ್ಕೋ ಅವನಿಗೇ ತಿಳಿಯದೆ ಕೈ ಗಾಳಿಯಲ್ಲೇ ಉಳಿಯಿತು. ಅಷ್ಟರಲ್ಲಿ ಕೋಣೆಯ ಬಾಗಿಲಲ್ಲಿ ಅಮ್ಮ ನಿಂತಿದ್ದಳು.

“ಏನದು ಕೇಳ್ತಿರೋದು ಅವಳು?”

ಅಮ್ಮ ಕಂಪ್ಯೂಟರಿನ ಹತ್ತಿರ ಬಂದು ಬೂದು ಪರದೆ ನೋಡಿದಳು. ಮೇಲೆ ಮಗಳು ಬರೆದಿದ್ದ ಒಂದು ಪದ. ಕೆಳಗೆ, ಇದು ಮಕ್ಕಳಿಗೆ ತಕ್ಕದ್ದಲ್ಲ ಎಂಬ ಸಣ್ಣಕ್ಷರದ ಸಾಲು.

“ರೀ, ಇದನ್ನ ನೀವು ಮುಚ್ಚಿಸಿದ್ದಾ?”

“ಮಕ್ಕಳು ಹೆದರ್ತಾರೆ ಅಂತ... ಏನೇನೋ ಓದಿ...”

“ನನ್ನ ಮೈ, ನನ್ನ ಕಾಯಿಲೆ. ಅದನ್ನ ತಗೊಂಡು ಹೋಗಿ ಹೊಲಸು ಚಿತ್ರಗಳ ಸಾಲಲ್ಲಿ ಕೂರಿಸಿದ್ರಲ್ಲ!” ಅಮ್ಮ ಕೂಗಲಿಲ್ಲ, ಕೂಗಿದ್ದರೇ ವಾಸಿಯಿತ್ತು. “ನಾನೂ ನಾಳೆ ಹೇಳೋಣ, ನಾಡಿದ್ದು ಹೇಳೋಣ ಅಂತ ತಳ್ಳುತ್ತಾ ಬಂದೆ, ತಪ್ಪು ನಂದೂ ಇದೆ. ಆದ್ರೆ ಇನ್ನು ಮುಚ್ಚೋದಿಲ್ಲ. ಬನ್ರೇ ಇಬ್ರೂ.”

ಮಂಚದ ಮೇಲೆ ಇಬ್ಬರನ್ನೂ ಅಕ್ಕಪಕ್ಕ ಕೂರಿಸಿಕೊಂಡು ಹೇಳಿದಳು. ಎದೆಯಲ್ಲಿ ಗಂಟು ಸಿಕ್ಕಿದೆ. ಅದು ಕ್ಯಾನ್ಸರ್. ಮುಂದಿನ ವಾರ ಆಪರೇಷನ್.

“ಸಾಯ್ತೀಯಾ?” ಎಂದಳು ವಕೀಲಮ್ಮ. ಇಷ್ಟು ಹೊತ್ತು ತಡೆದಿದ್ದ ಅಳು ಆ ಒಂದು ಪದದ ಜೊತೆಗೇ ಹೊರಬಂತು.

“ಗೊತ್ತಿಲ್ಲ ಕಣಮ್ಮ. ಬೇಗ ಸಿಕ್ಕಿದೆ, ವಾಸಿಯಾಗೋದೇ ಹೆಚ್ಚು ಅಂದಿದ್ದಾರೆ ಡಾಕ್ಟ್ರು. ನನಗಂತೂ ಸಾಯೋ ಮನಸ್ಸು ಚೂರೂ ಇಲ್ಲ.”

“ಹಂಗಾದ್ರೆ ಸಾಯ್ಬೇಡ,” ಎಂದು ಪುಟ್ಟಿ ಅಪ್ಪಣೆ ಕೊಟ್ಟಳು. ಅಮ್ಮ ಬಹಳ ದಿನಗಳ ಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕಳು. ಬಾಗಿಲಲ್ಲಿ ನಿಂತಿದ್ದ ಅಪ್ಪ ಮುಖ ಒರೆಸಿಕೊಂಡ.

ಅಂದೇ ಅಮ್ಮ ಅಪ್ಪನಿಂದ ಗುಪ್ತಪದ ಹಾಕಿಸಿ ಆ ಪುಟಗಳ ಬೀಗ ತೆಗೆಸಿದಳು. “ಮುಚ್ಲೇಬೇಕು ಅಂದ್ರೆ ಆ ತಲೆ ತರಿಯೋ ಆಟ ಮುಚ್ಚಿ,” ಎಂದಾಗ ಪುಟ್ಟಿ ಮುಖ ಊದಿಸಿಕೊಂಡಳು. ನಾಲ್ವರೂ ಪರದೆಗೆ ಮುಖ ಮಾಡಿ ಕೂತರು. ವಕೀಲಮ್ಮ ಗಟ್ಟಿಯಾಗಿ ಓದಿದಳು. ತಿಳಿಯದ ಕಡೆ ಅಮ್ಮ ಬಿಡಿಸಿ ಹೇಳಿದಳು. ಅಪ್ಪ ಕತ್ತು ಚಾಚಿ ಆಲಿಸುವುದನ್ನು ಕಂಡಾಗ ವಕೀಲಮ್ಮನಿಗೆ ಅರ್ಥವಾಯಿತು: ಯಾರ ತಡೆಯೂ ಇಲ್ಲದ ಅಪ್ಪ ಕೂಡ ಈ ಪುಟಗಳನ್ನು ಈವರೆಗೆ ತೆರೆದಿರಲಿಲ್ಲ. ಅವಳ ಸಿಟ್ಟು ಪೂರ್ತಿ ಇಳಿಯಲಿಲ್ಲ. ಆದರೂ ಓದುವ ವೇಗ ತಗ್ಗಿಸಿದಳು.

ಆಪರೇಷನ್ ದಿನ ಪುಟ್ಟಿಯನ್ನು ಮಾವನ ಮನೆಯಲ್ಲಿ ಬಿಟ್ಟರು. ವಕೀಲಮ್ಮ ಮಾತ್ರ ಅಲ್ಲಿಗೆ ಹೋಗಲು ಒಪ್ಪಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅಪ್ಪನ ಪಕ್ಕದಲ್ಲೇ ಕೂತಳು. ಕೊನೆಗೆ ಹಸಿರು ಬಟ್ಟೆಯ ಡಾಕ್ಟರು ಹೊರಬಂದು, ಹುಡುಗಿಯತ್ತ ಕಣ್ಣು ಹಾಯಿಸಿ, “ಸ್ವಲ್ಪ ಆ ಕಡೆ ಬರ್ತೀರಾ? ಮಗು ಮುಂದೆ ಬೇಡ,” ಎಂದು ಅಪ್ಪನಿಗೆ ಹೇಳಿದರು.

ವಕೀಲಮ್ಮ ಎದ್ದು ನಿಂತಳು. ಬಾಯಿ ತೆರೆಯುವಷ್ಟರಲ್ಲಿ ಅಪ್ಪ ಅವಳ ಮುಂಗೈ ಹಿಡಿದುಕೊಂಡ.

“ಇಲ್ಲೇ ಹೇಳಿ ಡಾಕ್ಟ್ರೇ. ಅವಳೂ ಕೇಳ್ಲಿ. ಒಬ್ಬನೇ ನಿಂತು ಕೇಳೋ ಧೈರ್ಯ ನಂಗಿಲ್ಲ.”

ಡಾಕ್ಟರು ಹುಬ್ಬೇರಿಸಿದರು. ಗಂಟು ಪೂರ್ತಿಯಾಗಿ ಹೊರಬಂದಿದೆ, ಬೇರೆ ಕಡೆ ಹರಡಿದಂತೆ ಕಾಣುತ್ತಿಲ್ಲ, ಅಮ್ಮನಿಗೆ ಎಚ್ಚರವಾಗಲು ಇನ್ನೂ ಹೊತ್ತು ಬೇಕು, ಮುಂದೆ ಒಂದಷ್ಟು ಚಿಕಿತ್ಸೆ ಇರುತ್ತದೆ ಎಂದರು.

“ಒಂದಷ್ಟು ಅಂದ್ರೆ?” ಎಂದಳು ವಕೀಲಮ್ಮ. “ಯಾವ ಚಿಕಿತ್ಸೆ? ಎಷ್ಟು ಸಲ? ಕೂದಲು ಉದುರುತ್ತಾ? ಯಾವುದನ್ನೂ ಸುತ್ತಿ ಬಳಸಿ ಹೇಳ್ಬೇಡಿ.”

ಡಾಕ್ಟರು ಒಮ್ಮೆ ಅಪ್ಪನ ಮುಖ ನೋಡಿದರು. ಆಮೇಲೆ ಟೋಪಿ ತೆಗೆದು, ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕೂತು, ಮೊದಲಿನಿಂದ ಹೇಳತೊಡಗಿದರು.