ಮುಚ್ಚಳದೊಳಗಿನ ಹೆಸರು

ಅಂಗಡಿಯ ಯಜಮಾನಿ ಮದಾಂ ಕಾಲಾಮ್ ಆ ಕೈಗಡಿಯಾರವನ್ನು ನನ್ನ ಮೇಜಿನ ಮೇಲಿಟ್ಟಾಗಲೇ ನನಗೆ ಅದರ ಗುರುತು ಸಿಕ್ಕಿತು. ಸಾವಿರದ ಒಂಬೈನೂರ ಅರವತ್ತೊಂಬತ್ತರ ಆಟೋಮ್ಯಾಟಿಕ್ ಕ್ರೋನೋಗ್ರಾಫ್, ಓಟದ ಹೊತ್ತನ್ನೂ ಅಳೆಯುವಂಥದ್ದು. ಗುಂಡಿ ಒತ್ತಿ ಸೆಕೆಂಡಿನ ಮುಳ್ಳು ಓಡಿಸಿದರೆ ಹತ್ತು ನಿಮಿಷದಲ್ಲಿ ಇಡೀ ಗಡಿಯಾರವೇ ನಿಲ್ಲುತ್ತಿತ್ತು. ನಮ್ಮಲ್ಲೇ ರಿಪೇರಿಯಾಗಿ ಮೂರೇ ತಿಂಗಳು.

"ತೆಗಿ ಓಡೀಲ್, ಯಾರ ಕೈಚಳಕ ನೋಡೋಣ," ಎಂದರು ಯಜಮಾನಿ.

ಸ್ವಿಟ್ಜರ್ಲೆಂಡಿನ ಈ ಲ ಲೋಕ್ಲ್ ಊರಿನ ಹಳೇ ಗಡಿಯಾರದವರ ಪದ್ಧತಿ ನಮ್ಮ ಅಂಗಡಿಯಲ್ಲಿ ಇನ್ನೂ ಇದೆ. ಗಡಿಯಾರ ಬಿಚ್ಚಿದವರು ಹಿಂಮುಚ್ಚಳದ ಒಳಗೆ ಸೂಜಿಯಿಂದ ಹೆಸರು, ತಾರೀಖು ಗೀರಬೇಕು. ಮುಚ್ಚಳ ತೆರೆದೆ. ನುಮಾ ಅವರ ಹೆಸರಿತ್ತು. ಗೀರಿದವಳು ನಾನು.

ನನಗೆ ಕೆಲಸ ಕಲಿಸಿದವರು ನುಮಾ. ಒಂದು ವರ್ಷದಿಂದ ಅವರಿಗೆ ಸಣ್ಣ ತಿರುಪು ಕಾಣುತ್ತಿಲ್ಲ. ಪಿಂಚಣಿಗೆ ಇನ್ನೂ ಎಂಟು ತಿಂಗಳು. ಮದಾಂ ಊಟಕ್ಕೆ ಹೋದಾಗ ನುಮಾ ಅವರ ಪಾಲಿನ ಕೆಲಸವನ್ನು ನಾನೇ ಮುಗಿಸಿ ಅವರ ಹೆಸರು ಹಾಕುತ್ತಿದ್ದೆ. ಇದು ನಮ್ಮಿಬ್ಬರಿಗೇ ಗೊತ್ತು.

ಕಣ್ಣಿಗೆ ಲೆನ್ಸ್ ಸಿಕ್ಕಿಸಿ ಬಗ್ಗಿದೆ. ಹಲ್ಲುಚಕ್ರದ ಹಲ್ಲುಗಳಲ್ಲಿ ಎಣ್ಣೆ ಮಿನುಗಿತು. ಈಗಿನ ಕೆಲವು ಗಡಿಯಾರಗಳಿಗೆ ಆ ಭಾಗದಲ್ಲಿ ಒಂದು ತೊಟ್ಟು ಬೇಕು. ಇಂಥ ಹಳೆಯದರಲ್ಲಿ ಹಲ್ಲು ಒಣಗಿಯೇ ಇರಬೇಕು, ಎಣ್ಣೆ ತಾಗಿದರೆ ಅಂಟಾಗಿ ಚಕ್ರವನ್ನೇ ಹಿಡಿದು ನಿಲ್ಲಿಸುತ್ತದೆ. ಅವತ್ತು ಆರು ಹೊಸ ಗಡಿಯಾರ ಮುಗಿಸಿದ್ದ ಕೈ ಏಳನೆಯದಕ್ಕೂ ತೊಟ್ಟು ಬಿಟ್ಟಿತ್ತು. ನನ್ನ ಹಾಳು ಕೈ!

"ನಂದೇ ಮದಾಂ," ಎಂದು ಪಕ್ಕದ ಮೇಜಿನಿಂದ ನುಮಾ ಎದ್ದು ನಿಂತರು.

"ನಲವತ್ತು ವರ್ಷ ಆದ್ಮೇಲೆ ಇಂಥಾ ತಪ್ಪಾ? ಇನ್ನೊಂದು ವಾಪಸ್ ಬಂದ್ರೆ ಮನೆಗೆ ಅಂತ ಹೇಳಿದ್ದೆ. ಆಗ್ಲಿ, ಕೊನೇ ಸಲ ನೋಡ್ತೀನಿ. ನನ್ನೆದುರಿಗೇ ಬಿಚ್ಚಿ, ತೊಳೆದು, ಜೋಡಿಸಿ."

ನುಮಾ ಕೂತರು. ಅವರ ತಿರುಪುಳಿ ತಿರುಪಿನ ಬಲಕ್ಕೆ ತಡಕಿತು, ಆಮೇಲೆ ಎಡಕ್ಕೆ. ಇನ್ನೊಂದು ಕೂದಲೆಳೆ ಜಾರಿದರೆ ಗಡಿಯಾರಕ್ಕೆ ಲಯ ಕೊಡುವ ಬ್ಯಾಲೆನ್ಸ್ ಚಕ್ರದ ನವಿರು ಸ್ಪ್ರಿಂಗೇ ಮುರುಟುತ್ತಿತ್ತು. ನನ್ನಿಂದ ತಡೆಯಲಾಗಲಿಲ್ಲ.

"ಬಿಡಿ ಮದಾಂ! ಎಣ್ಣೆ ಬಿಟ್ಟಿದ್ದು ನಾನು. ವರ್ಷದಿಂದ ಅವರದ್ದೆಲ್ಲ ನಾನೇ ಮಾಡ್ತಿರೋದು. ಅವರಿಗೆ ಕಣ್ಣು ಕಾಣಲ್ಲ."

ಮದಾಂ ನುಮಾ ಅವರ ಕೈಯಿಂದ ತಿರುಪುಳಿ ತೆಗೆದುಕೊಂಡರು. ಗಡಿಯಾರವನ್ನು ಮತ್ತೆ ನನ್ನ ಮೇಜಿಗೆ ತಂದಿಟ್ಟರು. "ನೀನೇ ಸರಿಮಾಡು. ನುಮಾ ಅವರೇ, ನೀವು ಮನೆಗೆ ಹೊರಡಿ."

ನುಮಾ ಬಿಳಿ ಕೋಟಿನ ಗುಂಡಿಗಳನ್ನು ತಡವಿ ತಡವಿ ಬಿಚ್ಚಿದರು. ನಾನು ಬಾಗಿಲಿನವರೆಗೆ ಅವರ ಹಿಂದೆ ಓಡಿದೆ.

"ನುಮಾ, ನಿಮ್ಮ ಮರ್ಯಾದೆ ಉಳೀಲಿ ಅಂತ..."

"ಮರ್ಯಾದೇನಾ? ಒಂದು ತಪ್ಪು ಮಾಡಿದ ಗಡಿಯಾರದವನು ಅನ್ನಿಸ್ಕೊಂಡು ಹೋಗ್ತಿದ್ದೆ ಕಣೇ. ಈಗ ಕುರುಡ ಅನ್ನಿಸ್ಕೊಂಡು ಹೋಗ್ಬೇಕು."

ಮೆಟ್ಟಿಲಲ್ಲಿ ಅವರ ಕೈ ಹಿಡಿಯಹೋದೆ. ಕೊಡವಿ, ಗೋಡೆ ಹಿಡಿದುಕೊಂಡು ಇಳಿದರು.