ದಡ್ಡಿಯಾಗ ಬಿದ್ದ ಗುಡಿಸು

೧
ಎಲ್ಲಿಂದ ಶುರು ಮಾಡಲಿ? ಹುಕ್ಕೇರಿಯ ನನ್ನ ಮನೆಯಿಂದ ಮಾಡಿದರೆ ಕಿಟಕಿ ಬರುತ್ತದೆ, ಕಿಟಕಿಯಲ್ಲಿ ನಾನು ಬರುತ್ತೇನೆ, ಹಿಂದೆಯೇ ಭಾಷಣ ಬರುತ್ತದೆ. (ಮೂರು ಡ್ರಾಫ್ಟು ಹೀಗೇ ಹೋದವು.)

೨
ಗೋಕಾಕದಿಂದ ಮಾಡೋಣ. ಅಲ್ಲೊಂದು ಸ್ನಾತಕೋತ್ತರ ಕೇಂದ್ರ. ಹುಡುಕಬೇಡಿ, ಈ ಕಥೆಗೆಂದು ನಾನೇ ಕಟ್ಟಿಸಿದ್ದು. ಗೋಡೆ ಇನ್ನೂ ಹಸಿ, ಒರಗಬೇಡಿ. ಒಳಗೆ ಭಾಗ್ಯಾ, ಕನ್ನಡ ಎಂ.ಎ., ತುಕ್ಕಾನಟ್ಟಿಯ ಕುರಿಗಾರರ ಮನೆಯವಳು. ತಾನು ಆಯಿ ಎನ್ನುವ ಅಜ್ಜಿ ಯಲ್ಲಕ್ಕನ ಮಾತು ರೆಕಾರ್ಡ್ ಮಾಡಿ, ಟೈಪ್ ಮಾಡಿ, 'ಸ್ವಲ್ಪ ನೀಟ್ ಮಾಡಿಕೊಡು' ಎಂದು ಎಐಗೆ ಕೊಟ್ಟು, ತೊಂಬತ್ತಾರು ಪುಟದ ಸಂಪ್ರಬಂಧ ಮಾಡಿದ್ದಾಳೆ. ಇವತ್ತು ಸಂಜೆ ನಾಲ್ಕಕ್ಕೆ ಸಲ್ಲಿಸಬೇಕು. ತಪ್ಪಿದರೆ ವರ್ಷ ಹೋಯಿತು.

ಗೈಡ್ ಮಾಲಿಂಗಪ್ಪ ಸರ್ ಫಾರ್ಮ್ ಚಾಚಿದರು. ವಿಶ್ವವಿದ್ಯಾಲಯದ ಹೊಸ ನಿಯಮ: ಎಐ ಬಳಸಿದ್ದೀರಾ?

"ಹೌದು ಅಂತ ಬರದ್ರ ಏನಾಕ್ಕೈತ್ರಿ ಸರ್?"

"ಏನೂ ಆಗೂದಿಲ್ಲವಾ. ಬಳಸೂದು ತಪ್ಪಲ್ಲ, ಮುಚ್ಚಿಡೂದು ತಪ್ಪು. ಕೆಳಗ ಇನ್ನೊಂದು ಸಾಲೈತಿ ನೋಡು. 'ಪ್ರತಿ ವಾಕ್ಯವನ್ನೂ ಮೂಲದೊಂದಿಗೆ ಹೋಲಿಸಿದ್ದೇನೆ.' ಹೋಲಿಸೀ ಹೌದಲ್ಲೋ?"

ಹೋಲಿಸಿರಲಿಲ್ಲ. ಸಹಿಗೆ ಮೊದಲು ನಡುವಿನದೊಂದು ಪುಟ ತೆರೆದಳು. ನಲವತ್ತೊಂದು.

ಅಜ್ಜಿ ಹೇಳಿದ್ದು: ನಾ ದಡ್ಡಿಯಾಗ ಹುಟ್ಟಿದಾಕಿ.
ಪುಟದಲ್ಲಿದ್ದದ್ದು: ನಾನು ದಡ್ಡಿಯಾಗಿ ಹುಟ್ಟಿದವಳು.

(ನಮ್ಮ ಕಡೆ ದಡ್ಡಿ ಎಂದರೆ ಕುರಿ ಕೂಡಿಹಾಕುವ ಬೇಲಿ, ದಡ್ಡಿಯಾಗ ಎಂದರೆ ಅದರೊಳಗೆ. ಯಂತ್ರ ಒಂದು ಗುಡಿಸು ಕೊಟ್ಟಿತು, ಗ ಹೋಗಿ ಗಿ ಆಯಿತು. ಕುರಿಗಳ ನಡುವೆ ಹುಟ್ಟಿದ ಹೆಂಗಸು ಹುಟ್ಟುಪೆದ್ದಿಯಾದಳು.)

೩
ನನ್ನ ರಕ್ತ ಕುದಿಯಿತು. ಬರೆದೆ: ಅಚ್ಚಾದ ಕನ್ನಡವನ್ನಷ್ಟೇ ಉಂಡು ಬೆಳೆದ ಯಂತ್ರವೇ, ಕುರಿ ಕಾಯುವವರನ್ನು ಯಾರು ಅಚ್ಚು ಹಾಕಿದ್ದರು? ಮೂಡಲಗಿಯ ನಡುಬೀದಿಯಲ್ಲಿ ಮೆರವಣಿಗೆ ಹೊರಡಿಸಿದೆ, ಮುಂದೆ ಸಾವಿರ ಕುರಿ. ಭಾಗ್ಯಾ ಬರಲಿಲ್ಲ.

"ಅಕ್ಕಾರ, ಮೆರವಣಿಗಿ ಆಮ್ಯಾಲೆ ಮಾಡ್ರಿ. ನೀಟ್ ಮಾಡು ಅಂದಾಕಿ ನಾನು. ಓದಲಾರ್ದ ಬಿಟ್ಟಾಕಿನೂ ನಾನು."

"ಯಂತ್ರದ ತಪ್ಪಿಲ್ಲ ಅಂತೀಯೇನು?"

"ಐತಿ. ಆದ್ರ ಆಯಿ ಮಾತು ನೀಟ್ ಇಲ್ಲ ಅಂತ ಅದಕ್ಕ ಹೇಳಿಕೊಟ್ಟಾರು ಯಾರ್ರಿ?"

ಮೆರವಣಿಗೆ ಅಳಿಸಿದೆ. (ಕುರಿಗಳು ಮಾತ್ರ ಹೋಗಲೊಲ್ಲವು. ಮಾರ್ಜಿನ್‌ನಲ್ಲಿ ಮೇಯುತ್ತಿವೆ.)

೫
ನಾಲ್ಕನೆಯದು ಭಾಷಣವಾಗಿತ್ತು, ಹರಿದೆ.

ಮುಕ್ತಾಯ ಒಂದು: ಭಾಗ್ಯಾ ಆ ಒಂದು ಗುಡಿಸು ಅಳಿಸಿ ಸಹಿ ಹಾಕುತ್ತಾಳೆ. ಪಾಸು. ಉಳಿದ ತೊಂಬತ್ತೈದು ಪುಟದಲ್ಲಿ ಅಜ್ಜಿ ಏನೇನಾಗಿದ್ದಾಳೋ, ಯಾರು ನೋಡಬೇಕು.

ಮುಕ್ತಾಯ ಎರಡು: ಸಹಿ ಮಾಡದೆ ತುಕ್ಕಾನಟ್ಟಿಯ ಬಸ್ಸು ಹತ್ತುತ್ತಾಳೆ. (ನಾನು ವಾಕ್ಯ ಮುಗಿಸುವ ಮೊದಲೇ ಹತ್ತಿಬಿಟ್ಟಳು.) ಬಸ್ಸು ನೀರಿನ ಮೇಲೆ ಹೋದಂತೆ ಹೋಯಿತು. ಕಬ್ಬಿನ ಗರಿಗಳು ಕಿಟಕಿಯೊಳಗೆ ಬಂದು ಅವಳ ತೊಡೆಯ ಮೇಲಿನ ಪುಟ ತಿರುವಿದವು.

೬
ಯಲ್ಲಕ್ಕ ಅಂಗಳದಲ್ಲಿ ಉಣ್ಣೆ ನೂಲುತ್ತಿದ್ದಳು. ಎಳೆ ಎಲ್ಲಿ ಮುಗಿದು ಬಿಸಿಲು ಎಲ್ಲಿ ಶುರುವಾಗುತ್ತದೆಂದು ತಿಳಿಯುತ್ತಿರಲಿಲ್ಲ. ಭಾಗ್ಯಾ ನಲವತ್ತೊಂದನ್ನು ಓದಿದಳು.

"ನಾ ಯಾವಾಗ ದಡ್ಡಿ ಆದ್ನವಾ?"

"ನಾ ಓದಲಾರ್ದ ಕೊಡಾಕ ಹೋದಾಗ, ಆಯಿ. ತಪ್ಪಾತು."

"ಹಂಗಾರ ದಡ್ಡಿ ನೀ ಆದಿ." ಅಜ್ಜಿ ಕದರು ನಿಲ್ಲಿಸಿದಳು. "ಮೊದಲಿಂದ ಓದು."

"ನಾಕಕ್ಕ ಕೊಡಬೇಕು. ವರ್ಷ ಹೊಕ್ಕೈತಿ."

"ನಿಮ್ಮ ಸರು ಆಮ್ಯಾಲೆ ಕೇಳಲಿ. ಮೊದಲ ಹೇಳಿದಾಕಿ ಕೇಳಲಿ."

ಭಾಗ್ಯಾ ಮೊಬೈಲು ಬೋರಲು ಹಾಕಿ, ಒಂದನೆಯ ಪುಟ ತೆಗೆದಳು. ಮೂರನೆಯ ಸಾಲಿಗೇ ಅಜ್ಜಿಯ ಕೈ ಮೇಲೆದ್ದಿತು. "ನಿಲ್ಲು. ಇದೂ ನಾ ಅಂದಿಲ್ಲ."

ವರ್ಷ ಹೋಯಿತೋ, ಮಾಲಿಂಗಪ್ಪ ಸರ್ ಇನ್ನೊಂದು ವಾರ ಕೊಟ್ಟರೋ, ನನ್ನನ್ನು ಕೇಳಬೇಡಿ. ಮುಕ್ತಾಯ ಮೂರನ್ನು ಬರೆಯಲು ಪೆನ್ನು ಎತ್ತಿದ್ದೆ. ಯಲ್ಲಕ್ಕ ಪುಟದಾಚೆಯಿಂದ ನನ್ನ ಕಡೆ ತಿರುಗಿದಳು.

"ನೀವೂ ಬರ್ರಿ ಇಲ್ಲಿ. ಬರದದ್ದು ಓದ್ರಿ. ನಾ ಹಿಂಗ ಮಾತಾಡೀನೇನು ನೋಡೂನು."

ಓದುತ್ತಿದ್ದೇನೆ. ಇಷ್ಟರಲ್ಲೇ ಎರಡು ಸಲ ಕೈ ಎತ್ತಿದ್ದಾಳೆ.